ನೆಟ್‌ವರ್ಕ್‌ನಲ್ಲಿಲ್ಲದ ಆಸ್ಪತ್ರೆ, 2.8 ಲಕ್ಷದ ಅಂದಾಜು: ಆಪರೇಷನ್‌ಗೆ ಮುಂಚೆ ಏನೇನು ಬರೆಸಿಕೊಳ್ಳಬೇಕು?

ಕುವೆಂಪುನಗರ_ಸೊಸೆ (ಪ್ರಶ್ನೆ)

ನಮ್ಮತ್ತೆಗೆ 71 ವರ್ಷ. ಬಚ್ಚಲಮನೆಯಲ್ಲಿ ಜಾರಿ ಬಿದ್ದು ಸೊಂಟದ ಕೀಲಿನ ಹತ್ತಿರ ತೊಡೆಮೂಳೆ ಮುರಿದಿದೆ. ಮಂಡ್ಯದಲ್ಲಿ ಎಕ್ಸ್‌ರೇ ಮಾಡಿಸಿ, ಇವತ್ತು ಬೆಳಿಗ್ಗೆ ಮೈಸೂರಿನ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದ್ದೇವೆ. ನಾಳೆ ಮಧ್ಯಾಹ್ನ ಆಪರೇಷನ್, ಅರ್ಧ ಕೀಲು ಬದಲಾಯಿಸುತ್ತಾರೆ.

ಆರೋಗ್ಯ ವಿಮೆ ಪಾಲಿಸಿ ಯಜಮಾನರ ಹೆಸರಿನಲ್ಲಿದೆ, ಅತ್ತೆಯವರೂ ಅದರಲ್ಲಿದ್ದಾರೆ. 5 ಲಕ್ಷದ ಕವರ್, ಪ್ರೀಮಿಯಂ ತಪ್ಪದೆ ಕಟ್ಟಿಕೊಂಡು ಬಂದು ಇದು ಆರನೇ ವರ್ಷ. ರೂಮ್ ಬಾಡಿಗೆ ಮಿತಿ 1%, ಅಂದರೆ ದಿನಕ್ಕೆ 5,000. ಪಾಲಿಸಿ ಜೊತೆ ಬಂದ ಪುಸ್ತಕದಲ್ಲಿ ಈ ಆಸ್ಪತ್ರೆ ಹೆಸರಿದೆ. ಆದರೆ ಇನ್ಶೂರೆನ್ಸ್ ಡೆಸ್ಕ್‌ನಲ್ಲಿ 'ಆ ಕಂಪನಿ ಜೊತೆ ಈಗ ನಮ್ಮ ಟೈ-ಅಪ್ ಇಲ್ಲ, ಕ್ಯಾಶ್‌ಲೆಸ್ ಆಗಲ್ಲ, 1 ಲಕ್ಷ ಅಡ್ವಾನ್ಸ್ ಕಟ್ಟಿ' ಅಂದರು. 5,000ದ ರೂಮು ಖಾಲಿ ಇಲ್ಲ ಅಂತ 8,000ದ ರೂಮು ಕೊಟ್ಟಿದ್ದಾರೆ.

ಕೊಟ್ಟಿರುವ ಅಂದಾಜು ಹೀಗಿದೆ: ರೂಮ್ ನಾಲ್ಕು ದಿನಕ್ಕೆ 32,000, ಸರ್ಜನ್ 45,000, ಅರಿವಳಿಕೆ ಡಾಕ್ಟರು 15,000, ಒಟಿ 40,000, ನರ್ಸಿಂಗ್ ಮತ್ತು ಡಾಕ್ಟರ್ ವಿಸಿಟ್ 20,000, ಔಷಧಿ 40,000, ಇಂಪ್ಲಾಂಟ್ 60,000, ಟೆಸ್ಟುಗಳು 18,000, ಇತರೆ 10,000. ಒಟ್ಟು 2,80,000. ಸರ್ಜನ್, ಅರಿವಳಿಕೆ ಡಾಕ್ಟರು ಇಬ್ಬರೂ ಹೊರಗಿನಿಂದ ಬರುವವರು, ಅವರ 60,000ವನ್ನು ಅವರ ಕೈಗೇ ನಗದಾಗಿ ಕೊಡಿ, ಆಸ್ಪತ್ರೆ ಬಿಲ್ಲಿನಲ್ಲಿ ಬರಲ್ಲ ಅಂತಾರೆ.

ಇಷ್ಟರಲ್ಲಿ ಎಷ್ಟು ವಾಪಸ್ ಬರುತ್ತೆ? ಕಂಪನಿ ಜೊತೆ ಟೈ-ಅಪ್ ಇರುವ ನೆಟ್‌ವರ್ಕ್ ಆಸ್ಪತ್ರೆಗೆ ಈಗಲೇ ಬದಲಾಯಿಸಬೇಕಾ? ರಾತ್ರಿಯೊಳಗೆ ಏನು ಮಾಡಬೇಕು, ಹೇಳಿ.

ಕ್ಲೇಮ್_ಕಾಗದ

ಮೇಡಂ, ಮೊದಲ ಕೆಲಸ ಇಂಟಿಮೇಷನ್, ಅಂದರೆ ಆಸ್ಪತ್ರೆಗೆ ಸೇರಿಸಿದ್ದನ್ನು ಕಂಪನಿಗೆ ತಿಳಿಸೋದು, ಇನ್ನೊಂದು ಗಂಟೆಯೊಳಗೆ ಆಗಬೇಕು. ಏಜೆಂಟರಿಗೆ ಫೋನ್ ಮಾಡಿ ಹೇಳಿದ್ದು ಲೆಕ್ಕಕ್ಕಿಲ್ಲ. ಕಾರ್ಡಿನ ಹಿಂದಿರುವ ಟೋಲ್ ಫ್ರೀ ನಂಬರಿಗೆ ಮಾಡಿ ಇಂಟಿಮೇಷನ್ ನಂಬರ್ ತಗೊಳ್ಳಿ. ಜೊತೆಗೆ ಒಂದು ಇಮೇಲ್ ಕೂಡ ಹಾಕಿ. ಪಾಲಿಸಿ ನಂಬರ್, ರೋಗಿ ಹೆಸರು, ಆಸ್ಪತ್ರೆ ಹೆಸರು, ಸೇರಿದ ದಿನ ಮತ್ತು ಗಂಟೆ, ಏನಾಯಿತು ಅನ್ನೋದು ಒಂದು ಸಾಲಿನಲ್ಲಿ ಇರಲಿ. ತುರ್ತು ದಾಖಲಾತಿಗೆ ಬಹುಪಾಲು ಪಾಲಿಸಿಗಳಲ್ಲಿ 24 ಗಂಟೆಯ ಗಡುವಿದೆ. ಆಮೇಲೆ 'ತಡವಾಗಿ ತಿಳಿಸಿದಿರಿ' ಅನ್ನೋ ಮಾತಿಗೆ ಜಾಗ ಕೊಡಬೇಡಿ.

ಎರಡನೇದು, 'ಟೈ-ಅಪ್ ಇಲ್ಲ, ಆದ್ದರಿಂದ ಕ್ಯಾಶ್‌ಲೆಸ್ ಇಲ್ಲ' ಅನ್ನೋದು ಈಗ ಪೂರ್ತಿ ಸರಿಯಲ್ಲ. 2024ರ ಜನವರಿ 25ರಿಂದ ಜನರಲ್ ಇನ್ಶೂರೆನ್ಸ್ ಕೌನ್ಸಿಲ್‌ನ 'ಕ್ಯಾಶ್‌ಲೆಸ್ ಎವ್ರಿವೇರ್' ವ್ಯವಸ್ಥೆ ಜಾರಿಯಲ್ಲಿದೆ. ನೆಟ್‌ವರ್ಕ್‌ನಲ್ಲಿ ಇಲ್ಲದ ಆಸ್ಪತ್ರೆಯಲ್ಲೂ ಕ್ಯಾಶ್‌ಲೆಸ್ ಕೇಳಬಹುದು. ಮೊದಲೇ ಗೊತ್ತಿರುವ ಆಪರೇಷನ್ ಆದರೆ ಸೇರುವುದಕ್ಕೆ 48 ಗಂಟೆ ಮುಂಚೆ ತಿಳಿಸಿರಬೇಕು, ತುರ್ತಾದರೆ ಸೇರಿದ 48 ಗಂಟೆಯೊಳಗೆ. ನಿಮ್ಮದು ಎರಡನೇ ಗುಂಪು, ಸಮಯ ಇದೆ. ತೊಡಕು ಒಂದೇ: ಆಸ್ಪತ್ರೆ ಒಪ್ಪಬೇಕು. ಕಂಪನಿ ಕಳಿಸುವ ಒಪ್ಪಿಗೆ ಪತ್ರಕ್ಕೆ ಅವರು ಸಹಿ ಹಾಕಿ ಬ್ಯಾಂಕ್ ವಿವರ ಕೊಡಬೇಕು. ಒಪ್ಪಲೇಬೇಕು ಅಂತ ಅವರನ್ನು ಕಟ್ಟಿಹಾಕಲು ಆಗಲ್ಲ. ಆದರೂ ಕೇಳಿ. ಇಲ್ಲ ಅಂದರೆ ಇಲ್ಲ ಅನ್ನೋದನ್ನೇ ಬರೆದು ಕೊಡಲಿ, ಅಥವಾ ನೀವೇ ಅವರಿಗೆ ಇಮೇಲ್ ಹಾಕಿ ದಾಖಲೆ ಮಾಡಿಕೊಳ್ಳಿ.

ಒಪ್ಪಿದರೆ ಪ್ರೀ-ಆಥರೈಸೇಷನ್ ಫಾರಂ (ಖರ್ಚಿಗೆ ಕಂಪನಿಯ ಒಪ್ಪಿಗೆ ಮೊದಲೇ ಕೇಳೋದು) ಹೋಗುತ್ತೆ. ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐನ 2024ರ ಮೇ 29ರ ಮಾಸ್ಟರ್ ಸರ್ಕ್ಯುಲರ್ ಪ್ರಕಾರ ಕಂಪನಿ ಒಂದು ಗಂಟೆಯೊಳಗೆ ತೀರ್ಮಾನ ಹೇಳಬೇಕು. ಡಿಸ್ಚಾರ್ಜ್ ದಿನ ಆಸ್ಪತ್ರೆಯಿಂದ ಫೈನಲ್ ಬಿಲ್ ಹೋದ ಮೇಲೆ ಮೂರು ಗಂಟೆ. ಅದಕ್ಕಿಂತ ತಡವಾಗಿ ಆಸ್ಪತ್ರೆ ಹೆಚ್ಚಿಗೆ ಚಾರ್ಜ್ ಮಾಡಿದರೆ ಆ ಹಣ ಕಂಪನಿಯ ಷೇರುದಾರರ ನಿಧಿಯಿಂದ ಹೋಗಬೇಕು, ನಿಮ್ಮ ಜೇಬಿನಿಂದಲ್ಲ.

ಫಾರಂನಲ್ಲಿ ಡಾಕ್ಟರ್ ತುಂಬುವ ಭಾಗವನ್ನು ಕಳಿಸುವ ಮುಂಚೆ ಓದಿ. ಗಾಯ ಹೇಗಾಯಿತು ಅನ್ನೋ ಜಾಗ ಖಾಲಿ ಬಿಟ್ಟಿರುತ್ತಾರೆ. ಖಾಲಿ ಇದ್ದರೆ ಕಂಪನಿ ಅದನ್ನೇ ಕೇಳಿ ಕ್ವೆರಿ ಹಾಕುತ್ತೆ, ಅರ್ಧ ದಿನ ಹೋಗುತ್ತೆ. 'ಮನೆಯ ಬಚ್ಚಲಲ್ಲಿ ಜಾರಿ ಬಿದ್ದದ್ದು, ಇಂಥ ದಿನ, ಇಷ್ಟು ಗಂಟೆಗೆ' ಅಂತ ಪೂರ್ತಿ ಬರೆಸಿ. ಬಿಪಿ, ಸಕ್ಕರೆ ಕಾಯಿಲೆ ಇದ್ದರೆ ಎಷ್ಟು ವರ್ಷದಿಂದ ಅನ್ನೋದು ನಿಮ್ಮ ಹಳೇ ಚೀಟಿಯಲ್ಲಿ ಇರುವಂತೆಯೇ ಇರಲಿ. ಡ್ಯೂಟಿ ಡಾಕ್ಟರು ಒಂದು ಕಡೆ 5 ವರ್ಷ, ಇನ್ನೊಂದು ಕಡೆ 10 ವರ್ಷ ಅಂತ ಬರೆದುಬಿಟ್ಟರೆ ಅದೊಂದು ಸಾಲು ಹಿಡಿದುಕೊಂಡೇ ತಕರಾರು ಶುರುವಾಗುತ್ತೆ.

ಇನ್ನೊಂದನ್ನು ಈಗಲೇ ನೋಡಿ. ಕಂಪನಿಯ ವೆಬ್‌ಸೈಟ್‌ನಲ್ಲಿ 'ಎಕ್ಸ್‌ಕ್ಲೂಡೆಡ್ ಪ್ರೊವೈಡರ್ಸ್' ಅಂತ ಬೇರೆಯೇ ಒಂದು ಪಟ್ಟಿ ಇರುತ್ತೆ. ನೆಟ್‌ವರ್ಕ್‌ನಲ್ಲಿ ಇಲ್ಲದಿರುವುದು ಬೇರೆ, ಈ ಪಟ್ಟಿಯಲ್ಲಿ ಇರುವುದು ಬೇರೆ. ನೆಟ್‌ವರ್ಕ್‌ನಲ್ಲಿ ಇಲ್ಲದಿದ್ದರೆ ದುಡ್ಡು ಮೊದಲು ಕಟ್ಟಿ ಆಮೇಲೆ ರೀಇಂಬರ್ಸ್‌ಮೆಂಟ್‌ನಲ್ಲಿ ತಗೊಳ್ಳಬಹುದು. ಈ ಪಟ್ಟಿಯಲ್ಲಿದ್ದರೆ, ಜೀವಾಪಾಯ ಅಥವಾ ಅಪಘಾತದ ಸಂದರ್ಭದಲ್ಲಿ ರೋಗಿ ಸ್ಥಿರವಾಗುವ ತನಕದ ಖರ್ಚು ಮಾತ್ರ ಸಿಗುತ್ತೆ, ಉಳಿದದ್ದು ಸಿಗಲ್ಲ. ಪಾಲಿಸಿಯಲ್ಲಿ ಇದು ಹೊರಗಿಡುವಿಕೆ ಕೋಡ್ 11. ನಿಮ್ಮ ಆಸ್ಪತ್ರೆ ಆ ಪಟ್ಟಿಯಲ್ಲಿ ಇದ್ದರೆ ಮಾತ್ರ ಜಾಗ ಬದಲಾಯಿಸುವ ಮಾತು ಗಂಭೀರವಾಗಿ ಯೋಚಿಸಬೇಕು.

ಬಿಲ್_ಓದುಗ

ಎಷ್ಟು ವಾಪಸ್ ಬರುತ್ತೆ ಅನ್ನೋದಕ್ಕೆ ಉತ್ತರ ಹೇಳ್ತೀನಿ. ನಿಮ್ಮ ವಿಷಯದಲ್ಲಿ ನೆಟ್‌ವರ್ಕ್‌ಗಿಂತ ಜಾಸ್ತಿ ಹೊಡೆತ ಕೊಡೋದು ಆ 8,000ದ ರೂಮು.

ಮಿತಿ 5,000, ತಗೊಂಡಿದ್ದು 8,000. ಅನುಪಾತ 62.5%. ರೂಮ್ ಬಾಡಿಗೆಯಲ್ಲಿ 32,000ಕ್ಕೆ 20,000 ಸಿಗುತ್ತೆ, ಇದು ಎಲ್ಲರಿಗೂ ಅರ್ಥವಾಗುವ ಕಡಿತ. ಆದರೆ ಇದೇ ಅನುಪಾತವನ್ನು ರೂಮಿಗೆ ತಗಲಿಕೊಂಡ ಬೇರೆ ಖರ್ಚುಗಳಿಗೂ ಹಚ್ಚುತ್ತಾರೆ. ಯಾವುದಕ್ಕೆ ಹಚ್ಚಬಹುದು, ಯಾವುದಕ್ಕೆ ಹಚ್ಚಬಾರದು ಅಂತ 2020ರ ಜೂನ್‌ನಲ್ಲೇ ಐಆರ್‌ಡಿಎಐ ಸ್ಪಷ್ಟವಾಗಿ ಹೇಳಿದೆ. ಔಷಧಿ ಮತ್ತು ಬಳಸಿ ಬಿಸಾಡುವ ಸಾಮಗ್ರಿ, ಇಂಪ್ಲಾಂಟ್ ಮತ್ತು ಉಪಕರಣ, ಟೆಸ್ಟುಗಳು, ಇವುಗಳಿಗೆ ಹಚ್ಚುವಂತಿಲ್ಲ. ಐಸಿಯು ಚಾರ್ಜಿಗೂ ಹಚ್ಚುವಂತಿಲ್ಲ.

ನಿಮ್ಮ ಅಂದಾಜಿನ ಮೇಲೇ ಲೆಕ್ಕ ಹಾಕಿ ನೋಡಿ. 'ಇತರೆ' 10,000 ಕೈಬಿಟ್ಟರೆ ಉಳಿಯೋದು 2,70,000. ಕಂಪನಿಯವರು ಕಣ್ಣು ಮುಚ್ಚಿಕೊಂಡು ಎಲ್ಲದಕ್ಕೂ 62.5% ಹಾಕಿದರೆ ಬರೋದು 1,68,750. ನಿಯಮದಂತೆ ಮಾಡಿದರೆ ರೂಮಿಗೆ 20,000, ಸರ್ಜನ್-ಅರಿವಳಿಕೆ-ಒಟಿ-ನರ್ಸಿಂಗ್ ಸೇರಿ 1,20,000ಕ್ಕೆ 75,000, ಔಷಧಿ-ಇಂಪ್ಲಾಂಟ್-ಟೆಸ್ಟ್ 1,18,000 ಪೂರ್ತಿ. ಒಟ್ಟು 2,13,000. ಎರಡರ ನಡುವೆ 44,250 ವ್ಯತ್ಯಾಸ. ಸೆಟಲ್‌ಮೆಂಟ್ ಪತ್ರದಲ್ಲಿ 'ಪ್ರೊಪೋರ್ಷನೇಟ್ ಡಿಡಕ್ಷನ್' ಅಂತ ಒಂದೇ ಮೊತ್ತ ಕಂಡರೆ ಸುಮ್ಮನಿರಬೇಡಿ, ಯಾವ ಸಾಲಿಗೆ ಎಷ್ಟು ಕಡಿದಿರಿ ಅಂತ ಬಿಡಿಸಿ ಕೇಳಿ.

ಅದೇ ನಿಯಮದಲ್ಲಿ ಇನ್ನೊಂದು ಮಾತಿದೆ, ಜನ ಬಳಸೋದೇ ಇಲ್ಲ. ರೂಮಿನ ದರ್ಜೆ ನೋಡಿಕೊಂಡು ಬೇರೆ ಬೇರೆ ದರ ಹಾಕದ ಆಸ್ಪತ್ರೆಯಲ್ಲಿ ಈ ಅನುಪಾತದ ಕಡಿತವೇ ಇಲ್ಲ. ಕೆಲವು ಖರ್ಚಿಗೆ ಮಾತ್ರ ಒಂದೇ ದರ ಇದ್ದರೆ ಆ ಖರ್ಚುಗಳಿಗೆ ಇಲ್ಲ. ಆದ್ದರಿಂದ ಬಿಲ್ಲಿಂಗ್‌ನವರ ಹತ್ತಿರ ಲೆಟರ್‌ಹೆಡ್ ಮೇಲೆ ಒಂದು ಸಾಲು ಬರೆಸಿಕೊಳ್ಳಿ: 'ಸರ್ಜನ್, ಅರಿವಳಿಕೆ, ಒಟಿ, ನರ್ಸಿಂಗ್ ದರಗಳು ಎಲ್ಲ ದರ್ಜೆಯ ರೂಮಿಗೂ ಒಂದೇ.' ಅದು ನಿಜವಿದ್ದರೆ ಬರೆದು ಕೊಡೋಕೆ ಅವರಿಗೇನೂ ಕಷ್ಟ ಇರಲ್ಲ. ಆ ಪತ್ರ ಇದ್ದರೆ ನಿಮಗೆ ಬರಬೇಕಾದ್ದು 2,58,000. ಕೈಯಿಂದ ಹೋಗೋದು 22,000 ಅಷ್ಟೇ.

ಜೊತೆಗೆ 5,000ದ ರೂಮು ಖಾಲಿ ಆದ ಕೂಡಲೇ ಬದಲಾಯಿಸಿ ಅಂತ ಬರೆದು ಕೊಡಿ, ಸೀಲ್ ಹಾಕಿದ ಪ್ರತಿ ಇಟ್ಟುಕೊಳ್ಳಿ. ಐಸಿಯು ಬಿಟ್ಟು ದಿನಕ್ಕೆ 5,000 ಮೀರಿದ ರೂಮಿಗೆ 2022ರ ಜುಲೈ 18ರಿಂದ 5% ಜಿಎಸ್‌ಟಿ ಬೇರೆ ಇದೆ. ನಿಮಗೆ ಅದು 1,600, ಅಂದಾಜಿನಲ್ಲಿ ಸೇರಿಸಿದ ಹಾಗೆ ಕಾಣಲ್ಲ.

ಇನ್ನು ಆ 'ಇತರೆ' 10,000. ಇದನ್ನು ಬಿಡಿಸಿ ಕೇಳಿ. ಕೊಡಲಾಗದ ವಸ್ತುಗಳು ಅಂತ ನಾಲ್ಕು ಪಟ್ಟಿಗಳಿವೆ, ನಿಮ್ಮ ಪಾಲಿಸಿ ಪುಸ್ತಕದ ಕೊನೆಯಲ್ಲಿ ಇರುತ್ತವೆ. ಮೊದಲ ಪಟ್ಟಿಯ 68 ವಸ್ತುಗಳನ್ನು ರೋಗಿಯೇ ಭರಿಸಬೇಕು. ಎರಡನೇ ಪಟ್ಟಿಯ 37 ರೂಮ್ ಬಾಡಿಗೆಯೊಳಗೇ ಸೇರಿದವು, ಮೂರನೇದರ 23 ಆಪರೇಷನ್ ಚಾರ್ಜಿನೊಳಗೆ, ನಾಲ್ಕನೇದರ 18 ಚಿಕಿತ್ಸೆಯ ಖರ್ಚಿನೊಳಗೆ. ಈ ಮೂರು ಪಟ್ಟಿಯಲ್ಲಿ ಇರೋದನ್ನು ಬಿಲ್ಲಿನಲ್ಲಿ ಬೇರೆ ಸಾಲಾಗಿ ತೋರಿಸಿದರೆ ಕಂಪನಿ ಕಡಿಯುತ್ತೆ, ಆಸ್ಪತ್ರೆ ನಿಮ್ಮ ಹತ್ತಿರ ವಸೂಲಿ ಮಾಡುತ್ತೆ. ಬಿಲ್ ಮುದ್ರಣ ಆಗೋ ಮುಂಚೆಯೇ ಬಿಲ್ಲಿಂಗ್‌ನಲ್ಲಿ ಕೂತು ಅಂಥ ಸಾಲುಗಳನ್ನು ಅದರದರ ತಲೆಬರಹದೊಳಗೆ ಸೇರಿಸಿ ಅಂತ ಕೇಳಿ. ಆಮೇಲೆ ತಿದ್ದಿಸೋದು ಬಹಳ ಕಷ್ಟ.

ಕ್ಲೇಮ್_ಕಾಗದ

60,000 ನಗದಿನ ವಿಷಯ ಬಿಟ್ಟುಹೋಯಿತು. ರಸೀದಿ ಇಲ್ಲದೆ ಕೊಟ್ಟ ಹಣಕ್ಕೆ ಯಾವ ಕಂಪನಿಯೂ ಒಂದು ರೂಪಾಯಿ ಕೊಡಲ್ಲ. ಇದು ನಿಮ್ಮ ಒಟ್ಟು ಖರ್ಚಿನ ಐದನೇ ಒಂದು ಭಾಗಕ್ಕಿಂತ ಜಾಸ್ತಿ, ಹಾಗೇ ಹೋಗಲು ಬಿಡಬೇಡಿ.

ಮೊದಲು ಡಾಕ್ಟರ ಫೀಸನ್ನು ಆಸ್ಪತ್ರೆ ಬಿಲ್ಲಿನಲ್ಲೇ ಸೇರಿಸಿ ಅಂತ ಕೇಳಿ. ಆಸ್ಪತ್ರೆಯವರು ಹೊರಗಿನ ಡಾಕ್ಟರಿಗೆ ತಾವು ಕೊಟ್ಟುಕೊಳ್ಳಲಿ, ಅದು ಅವರವರ ವ್ಯವಹಾರ. ಒಪ್ಪದಿದ್ದರೆ ಸರ್ಜನ್ ಮತ್ತು ಅರಿವಳಿಕೆ ಡಾಕ್ಟರಿಂದ ಬೇರೆ ಬೇರೆ ಬಿಲ್ ಮತ್ತು ರಸೀದಿ ಬೇಕು. ಕ್ರಮಸಂಖ್ಯೆ ಇರುವ ರಸೀದಿ, ಅವರ ಲೆಟರ್‌ಹೆಡ್, ಕರ್ನಾಟಕ ಮೆಡಿಕಲ್ ಕೌನ್ಸಿಲ್ ನೋಂದಣಿ ಸಂಖ್ಯೆ, ರೋಗಿ ಹೆಸರು, ಆಪರೇಷನ್ ಹೆಸರು ಮತ್ತು ದಿನಾಂಕ, ಸಹಿ. ಹಣ ಯುಪಿಐ ಅಥವಾ ಚೆಕ್‌ನಲ್ಲೇ ಹೋಗಲಿ. ಕೆಲವು ಪಾಲಿಸಿಗಳಲ್ಲಿ ಆಸ್ಪತ್ರೆ ಬಿಲ್ಲಿನ ಹೊರಗೆ ಕೊಟ್ಟ ಡಾಕ್ಟರ್ ಫೀಸಿಗೆ ಬೇರೆ ಮಿತಿ ಇರುತ್ತೆ, ಆ ಷರತ್ತನ್ನು ನಿಮ್ಮ ಪಾಲಿಸಿಯಲ್ಲಿ ಹುಡುಕಿ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಇಬ್ಬರು ಡಾಕ್ಟರ ಹೆಸರೂ ಇರಲೇಬೇಕು. ರಸೀದಿಯಲ್ಲಿ ಒಂದು ಹೆಸರು, ಸಮ್ಮರಿಯಲ್ಲಿ ಇನ್ನೊಂದು ಇದ್ದರೆ ಅದಕ್ಕೂ ಕ್ವೆರಿ ಬರುತ್ತೆ.

ಅಂದಹಾಗೆ, ಒಂದೇ ದಾಖಲಾತಿಗೆ ಸಂಬಂಧಿಸಿ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ತಗೊಳ್ಳೋದಕ್ಕೆ ಆದಾಯ ತೆರಿಗೆ ಕಾಯ್ದೆಯಲ್ಲೇ ನಿಷೇಧ ಇದೆ. 'ಎಲ್ಲ ಕ್ಯಾಶ್ ತನ್ನಿ' ಅಂದರೆ ಇದನ್ನು ಮೃದುವಾಗಿ ನೆನಪಿಸಿ.

ಸರಸ್ವತಿಪುರಂ_ರಾವ್

ಇಷ್ಟೆಲ್ಲಾ ಒದ್ದಾಡೋದಕ್ಕಿಂತ ಇವತ್ತು ರಾತ್ರಿಯೇ ನೆಟ್‌ವರ್ಕ್ ಆಸ್ಪತ್ರೆಗೆ ಕರೆದುಕೊಂಡು ಹೋಗಿಬಿಡಿ. ಮೈಸೂರಿನಲ್ಲಿ ಆಸ್ಪತ್ರೆಗಳಿಗೇನು ಬರವೇ?

ಬಿಲ್_ಓದುಗ

ರಾವ್ ಅವರೇ, ಈ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದಾಗ ಆಪರೇಷನ್ ತಡವಾದಷ್ಟೂ ಹಾಸಿಗೆ ಹುಣ್ಣು, ನ್ಯುಮೋನಿಯಾ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವುದು, ಎಲ್ಲದರ ಅಪಾಯ ಏರುತ್ತೆ. ಹೊಸ ಆಸ್ಪತ್ರೆ ಅಂದರೆ ಎಕೋ, ರಕ್ತಪರೀಕ್ಷೆ, ಫಿಸಿಷಿಯನ್ ಒಪ್ಪಿಗೆ ಎಲ್ಲ ಮತ್ತೆ ಮೊದಲಿಂದ, ಒಟಿ ಸರದಿಗೆ ಕಾಯೋದು ಬೇರೆ. ಇಲ್ಲಿ ನಾಳೆಗೆ ಒಟಿ ಸಿಕ್ಕಿದೆ. ನಲವತ್ತು-ಐವತ್ತು ಸಾವಿರ ಉಳಿಸೋಕೆ ಆಪರೇಷನ್ ಎರಡು-ಮೂರು ದಿನ ಮುಂದೆ ಹೋಗೋದು ನನಗೆ ಸರಿ ಕಾಣಲ್ಲ. ಮೇಲೆ ಹೇಳಿದ ಹೊರಗಿಟ್ಟ ಪಟ್ಟಿಯಲ್ಲಿ ಆಸ್ಪತ್ರೆ ಇದ್ದರೆ ಮಾತ್ರ, ಅದೂ ನೋಡುತ್ತಿರುವ ಮೂಳೆ ಡಾಕ್ಟರನ್ನು ಕೇಳಿ, ಆಚೆ ಆಸ್ಪತ್ರೆಯಲ್ಲಿ ಬೆಡ್ಡು ಮತ್ತು ಒಟಿ ಎರಡೂ ಖಾತ್ರಿ ಮಾಡಿಕೊಂಡು ಹೊರಡಬೇಕು.

ಗುತ್ತಲು_ರಸ್ತೆ_ಮಂಡ್ಯ

ಕಾನೂನಿನ ಕಡೆಯಿಂದ ಕೆಲವು ಮಾತು ಸೇರಿಸ್ತೀನಿ.

ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆಗಳೆಲ್ಲ 2007ರ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ನೋಂದಣಿ ಆಗಿರಬೇಕು, 2017ರಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿ ಆಯಿತು. ದರಪಟ್ಟಿಯನ್ನು ಜನರಿಗೆ ಕಾಣುವ ಹಾಗೆ ಹಾಕಿರಬೇಕು. ನಾಳೆ ರಿಸೆಪ್ಷನ್‌ನಲ್ಲಿ ಆ ಬೋರ್ಡಿನ ಫೋಟೊ ತೆಗೆದುಕೊಳ್ಳಿ, ಕೆಪಿಎಂಇ ನೋಂದಣಿ ಸಂಖ್ಯೆಯೂ ಕಾಣಲಿ. ಬೋರ್ಡಿನಲ್ಲಿ ಒಂದು ದರ, ಬಿಲ್ಲಿನಲ್ಲಿ ಇನ್ನೊಂದು ದರ ಇದ್ದರೆ ದೂರು ಕೊಡಲು ಅದಕ್ಕಿಂತ ಗಟ್ಟಿ ಪುರಾವೆ ಬೇಡ. ದೂರು ಹೋಗೋದು ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ. ಜಿಲ್ಲಾಧಿಕಾರಿಗಳು ಅದರ ಅಧ್ಯಕ್ಷರು. ಅರ್ಜಿಯನ್ನು ಡಿಎಚ್‌ಒ (ಜಿಲ್ಲಾ ಆರೋಗ್ಯಾಧಿಕಾರಿ) ಕಚೇರಿಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಆಸ್ಪತ್ರೆ ಮೈಸೂರಿನಲ್ಲಿ ಇರೋದರಿಂದ ಮೈಸೂರು ಡಿಎಚ್‌ಒ, ನೀವು ಮಂಡ್ಯದವರಾದರೂ ಅಲ್ಲಿಗೇ.

ಐಟಂವಾರು ಬಿಲ್ ಕೇಳೋದು, ಔಷಧಿಯನ್ನು ಆಸ್ಪತ್ರೆಯ ಅಂಗಡಿಯಲ್ಲೇ ತಗೊಳ್ಳಬೇಕು ಅನ್ನೋ ಒತ್ತಾಯ ಇಲ್ಲದಿರೋದು, ಬಿಲ್ ತಕರಾರು ಇದೆ ಅಂತ ರೋಗಿಯನ್ನು ಹಿಡಿದಿಡದಿರೋದು, ಇವು ಕೇಂದ್ರ ಆರೋಗ್ಯ ಸಚಿವಾಲಯ ರಾಜ್ಯಗಳಿಗೆ ಕಳಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿವೆ. ರೋಗಿ ತೀರಿಕೊಂಡರೆ ಬಾಕಿ ಹಣದ ನೆಪದಲ್ಲಿ ದೇಹ ಕೊಡದೆ ಇರುವಂತಿಲ್ಲ, ಇದು ಕೆಪಿಎಂಇ ತಿದ್ದುಪಡಿಯಲ್ಲೇ ಇದೆ. ಅಪಘಾತ, ಸುಟ್ಟಗಾಯ, ವಿಷಪ್ರಾಶನದಂಥ ಮೆಡಿಕೊ-ಲೀಗಲ್ ಪ್ರಕರಣದಲ್ಲಿ ಅಡ್ವಾನ್ಸ್ ಕೇಳಿ ಪ್ರಥಮ ಚಿಕಿತ್ಸೆ ನಿಲ್ಲಿಸುವಂತಿಲ್ಲ ಅನ್ನೋದೂ ಅದೇ ಕಾಯ್ದೆಯಲ್ಲಿದೆ. ಆದರೆ ಸ್ಥಿರವಾದ ಮೇಲೆ ನಾಳೆಯ ಆಪರೇಷನ್‌ಗೆ ಅಡ್ವಾನ್ಸ್ ಕೇಳೋದನ್ನು ತಡೆಯೋದಕ್ಕೆ ಈ ಕಲಂ ಸಾಕಾಗಲ್ಲ. ಹಾಗಾಗಿ ಅಡ್ವಾನ್ಸ್ ಕಟ್ಟಬೇಕಾಗಿ ಬಂದರೆ ಕಟ್ಟಿ, ರಸೀದಿಯಲ್ಲಿ 'ಮುಂಗಡ, ಅಂತಿಮ ಬಿಲ್ಲಿಗೆ ಹೊಂದಿಸಲಾಗುವುದು' ಅಂತ ಇರಲಿ.

ಇದನ್ನು ಓದುವ ಬೇರೆಯವರಿಗೆ ಒಂದು ಮಾತು. ಬೆಂಗಳೂರು-ಮೈಸೂರು ದಶಪಥದಲ್ಲೋ ಊರೊಳಗಿನ ರಸ್ತೆಯಲ್ಲೋ ವಾಹನ ಅಪಘಾತ ಆಗಿದ್ದರೆ ಲೆಕ್ಕ ಬೇರೆ. 2025ರ ಮೇ 5ರಿಂದ ಜಾರಿಯಾದ ಕೇಂದ್ರದ ಯೋಜನೆಯಲ್ಲಿ ಗಾಯಾಳು ಯಾರೇ ಆಗಲಿ, ಇನ್ಶೂರೆನ್ಸ್ ಇರಲಿ ಬಿಡಲಿ, ಅಪಘಾತದ ದಿನದಿಂದ 7 ದಿನದವರೆಗೆ 1.5 ಲಕ್ಷದ ತನಕ ನಗದುರಹಿತ ಚಿಕಿತ್ಸೆ. ಇಲ್ಲೂ ಅದೇ ಪಟ್ಟಿಯ ಸಮಸ್ಯೆ: ಗೊತ್ತುಪಡಿಸಿದ ಆಸ್ಪತ್ರೆಯಲ್ಲಿ ಪೂರ್ತಿ ಚಿಕಿತ್ಸೆ, ಪಟ್ಟಿಯಲ್ಲಿಲ್ಲದ ಕಡೆ ಸ್ಥಿರಗೊಳಿಸುವ ಮಟ್ಟಿಗೆ ಮಾತ್ರ. 112ಕ್ಕೆ ಕರೆ ಮಾಡಿ, ಪೊಲೀಸರ ದಾಖಲೆ ಆಗಲೇಬೇಕು.

ಬಿಪಿಎಲ್ ಕಾರ್ಡ್ ಇದ್ದವರು ಖಾಸಗಿ ಪಾಲಿಸಿಗಿಂತ ಮೊದಲು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ನೋಡಿ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30%, ವರ್ಷಕ್ಕೆ 1.5 ಲಕ್ಷದ ಮಿತಿ. ಎಡವೋದು ಒಂದೇ ಕಡೆ: ತುರ್ತು ಪಟ್ಟಿಯಲ್ಲಿಲ್ಲದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಮಂಡ್ಯದಲ್ಲಿ ಮಿಮ್ಸ್, ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ. ನೇರವಾಗಿ ಖಾಸಗಿಗೆ ಹೋಗಿ ದುಡ್ಡು ಕಟ್ಟಿ ಆಮೇಲೆ ಕಾರ್ಡ್ ತೋರಿಸಿದರೆ ಪ್ರಯೋಜನವಿಲ್ಲ, ಅದರಲ್ಲಿ ರೀಇಂಬರ್ಸ್‌ಮೆಂಟ್ ಅನ್ನೋ ದಾರಿಯನ್ನು ನೆಚ್ಚಿಕೊಳ್ಳಬೇಡಿ. ಪಟ್ಟಿಯಲ್ಲಿರುವ ಆಸ್ಪತ್ರೆಗಳಲ್ಲಿ ಆರೋಗ್ಯ ಮಿತ್ರರ ಮೇಜು ಇರುತ್ತೆ, ಸೇರುವ ಮುಂಚೆ ಅಲ್ಲಿ ಕೇಳಿ. ಸಂದೇಹಕ್ಕೆ 104. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ, ಅದರ ಆಸ್ಪತ್ರೆ ಪಟ್ಟಿ ಬೇರೆ.

ಕುವೆಂಪುನಗರ_ಸೊಸೆ

ಎಲ್ಲರಿಗೂ ತುಂಬಾ ಧನ್ಯವಾದ. ಇಂಟಿಮೇಷನ್ ನಂಬರ್ ಸಿಕ್ಕಿತು. ಹೊರಗಿಟ್ಟ ಪಟ್ಟಿಯಲ್ಲಿ ಆಸ್ಪತ್ರೆ ಇಲ್ಲ. ಕ್ಯಾಶ್‌ಲೆಸ್ ಎವ್ರಿವೇರ್‌ಗೆ ಆಸ್ಪತ್ರೆ ಒಪ್ಪಲಿಲ್ಲ, ಇಮೇಲ್‌ನಲ್ಲಿ ಬರೆದು ತಿಳಿಸಿದರು. ಡಾಕ್ಟರ ಫೀಸು 60,000 ಆಸ್ಪತ್ರೆ ಬಿಲ್ಲಿನಲ್ಲೇ ಸೇರಿಸುತ್ತಾರಂತೆ. ಪತ್ರ ಮಾತ್ರ ಪೂರ್ತಿ ಸಿಗಲಿಲ್ಲ: ಸರ್ಜನ್ ಮತ್ತು ಅರಿವಳಿಕೆ ಫೀಸು ಎಲ್ಲ ರೂಮಿಗೂ ಒಂದೇ, ಒಟಿ ಮತ್ತು ನರ್ಸಿಂಗ್ ರೂಮಿನ ಮೇಲೆ ಬದಲಾಗುತ್ತೆ ಅಂತ ಬರೆದು ಕೊಟ್ಟಿದ್ದಾರೆ. ಈಗ ಲೆಕ್ಕ ಏನಾಗುತ್ತೆ? ರೀಇಂಬರ್ಸ್‌ಮೆಂಟ್‌ಗೆ ಏನೇನು ಜೋಡಿಸಬೇಕು?

ಬಿಲ್_ಓದುಗ

ಇದು ಒಳ್ಳೆಯ ಪತ್ರವೇ. ಸರ್ಜನ್-ಅರಿವಳಿಕೆಯ 60,000 ಪೂರ್ತಿ ಸಿಗಬೇಕು. ಒಟಿ-ನರ್ಸಿಂಗ್ 60,000ಕ್ಕೆ 62.5%, ಅಂದರೆ 37,500. ರೂಮ್ 20,000, ಔಷಧಿ-ಇಂಪ್ಲಾಂಟ್-ಟೆಸ್ಟ್ 1,18,000. ಒಟ್ಟು 2,35,500. ನಿಮ್ಮ ಕೈಯಿಂದ 44,500, ಮೇಲೆ ರೂಮಿನ ಜಿಎಸ್‌ಟಿ. ಎರಡನೇ ದಿನವೇ ರೂಮ್ ಬದಲಾದರೆ ಇನ್ನೂ ಇಳಿಯುತ್ತೆ.

ಒಂದು ಎಚ್ಚರಿಕೆ. ನೆಟ್‌ವರ್ಕ್ ಹೊರಗಿನ ಬಿಲ್ಲಿಗೆ ಕಂಪನಿ 'ರೀಸನಬಲ್ ಅಂಡ್ ಕಸ್ಟಮರಿ' ಅನ್ನೋ ಷರತ್ತು ಹಚ್ಚಿ, ಈ ಊರಿನಲ್ಲಿ ಈ ಆಪರೇಷನ್‌ಗೆ ಇಷ್ಟು ಸಾಕು ಅಂತ ಕಡಿಯಬಹುದು. ಹಾಗೆ ಮಾಡಿದರೆ ಯಾವ ಆಸ್ಪತ್ರೆಗಳ ದರಕ್ಕೆ ಹೋಲಿಸಿದಿರಿ ಅಂತ ಬರವಣಿಗೆಯಲ್ಲಿ ಕೇಳಿ. ನೆಟ್‌ವರ್ಕ್ ಆಸ್ಪತ್ರೆಗೆ ಅವರು ಚೌಕಾಸಿ ಮಾಡಿ ಇಳಿಸಿಕೊಂಡ ದರ ಹೊರಗಿನ ರೋಗಿಗೆ ಸಿಗೋ ಮಾಮೂಲು ದರ ಆಗಲ್ಲ. ಮೈಸೂರಿನ ಎರಡು-ಮೂರು ಇದೇ ಮಟ್ಟದ ಆಸ್ಪತ್ರೆಗಳ ದರಪಟ್ಟಿಯ ಫೋಟೊ ನಿಮ್ಮ ಹತ್ತಿರ ಇದ್ದರೆ ವಾದಕ್ಕೆ ಬಲ ಬರುತ್ತೆ.

ಕ್ಲೇಮ್_ಕಾಗದ

ಕಾಗದಗಳು: ಕ್ಲೇಮ್ ಫಾರಂ ಎ ಭಾಗ ನೀವು ತುಂಬೋದು, ಬಿ ಭಾಗ ಆಸ್ಪತ್ರೆ ತುಂಬಿ ಸೀಲ್ ಹಾಕೋದು. ಬಿ ಭಾಗವನ್ನು ಡಿಸ್ಚಾರ್ಜ್ ದಿನವೇ ಮುಗಿಸಿಕೊಳ್ಳಿ, ಆಮೇಲೆ ಅದಕ್ಕೇ ಅಲೆಯಬೇಕಾಗುತ್ತೆ. ಡಿಸ್ಚಾರ್ಜ್ ಸಮ್ಮರಿ, ಅಂತಿಮ ಬಿಲ್ ಮತ್ತು ಅದರ ಐಟಂವಾರು ವಿವರ, ಅಡ್ವಾನ್ಸ್ ಸೇರಿ ಎಲ್ಲ ರಸೀದಿ, ಔಷಧಿ ಬಿಲ್ಲುಗಳು ಮತ್ತು ಅದಕ್ಕೆ ತಕ್ಕ ಚೀಟಿಗಳು, ಟೆಸ್ಟ್ ರಿಪೋರ್ಟುಗಳು, ಮಂಡ್ಯದ ಮೊದಲ ಎಕ್ಸ್‌ರೇ ಮತ್ತು ಆಪರೇಷನ್ ನಂತರದ ಎಕ್ಸ್‌ರೇ ಫಿಲಂ ಎರಡೂ, ಕೆವೈಸಿ, ರದ್ದು ಮಾಡಿದ ಚೆಕ್.

ಇಂಪ್ಲಾಂಟ್‌ಗೆ ಬಿಲ್ ಒಂದೇ ಸಾಲದು. ಪೆಟ್ಟಿಗೆಯೊಳಗೆ ಬರುವ ಅಂಟುಚೀಟಿ ಬೇಕು, ಅದರ ಮೇಲೆ ಕಂಪನಿ, ಅಳತೆ, ಲಾಟ್ ನಂಬರ್ ಇರುತ್ತೆ. ಒಟಿ ಸಿಸ್ಟರ್ ಅದನ್ನು ಕೇಸ್ ಶೀಟಿಗೆ ಅಂಟಿಸಿಬಿಡುತ್ತಾರೆ, ರೋಗಿಗೆ ಕೊಡಲು ಮರೆಯುತ್ತಾರೆ. ಒಳಗೆ ಕರೆದುಕೊಂಡು ಹೋಗೋ ಮುಂಚೆಯೇ 'ಸ್ಟಿಕ್ಕರ್ ಒಂದು ನಮಗೆ ಬೇಕು ಸಿಸ್ಟರ್' ಅಂತ ಹೇಳಿಡಿ. 60,000ದ ಸಾಲು ಆ ಎರಡಿಂಚು ಕಾಗದದ ಮೇಲೆ ನಿಂತಿದೆ.

ಮೂಲ ಪ್ರತಿ ಕೊಡುವ ಮುಂಚೆ ಎಲ್ಲ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಸಲ್ಲಿಸುವ ಗಡುವು ಪಾಲಿಸಿಯಲ್ಲಿ ಸಾಮಾನ್ಯವಾಗಿ ಡಿಸ್ಚಾರ್ಜ್ ಆದ 15ರಿಂದ 30 ದಿನ. ಮನೆಗೆ ಹೋದ ಮೇಲಿನ ಫಿಸಿಯೋಥೆರಪಿ, ಡ್ರೆಸ್ಸಿಂಗ್, ಔಷಧಿಗೆ ಪೋಸ್ಟ್-ಹಾಸ್ಪಿಟಲೈಸೇಷನ್ ಅಂತ ಎರಡನೇ ಕ್ಲೇಮ್ ಹಾಕಬಹುದು. ಫಿಸಿಯೋಗೆ ಮೂಳೆ ಡಾಕ್ಟರ ಚೀಟಿ ಬೇಕು, ಎಷ್ಟು ದಿನ ಅಂತ ಬರೆದಿರಬೇಕು.

ಕಾಗದ ಪೂರ್ತಿ ತಲುಪಿದ 15 ದಿನದಲ್ಲಿ ಕಂಪನಿ ತೀರ್ಮಾನಿಸಬೇಕು, ತಡವಾದರೆ ಬ್ಯಾಂಕ್ ದರದ ಮೇಲೆ 2% ಸೇರಿಸಿ ಬಡ್ಡಿ. ಕ್ವೆರಿಗಳನ್ನು ಒಂದೊಂದಾಗಿ ಹಾಕಿ ದಿನ ತಳ್ಳೋದು ಉಂಟು. ಪ್ರತಿ ಕ್ವೆರಿಗೂ ದಿನಾಂಕ ಹಾಕಿ ಇಮೇಲ್‌ನಲ್ಲೇ ಉತ್ತರಿಸಿ, ಕೊನೆಯಲ್ಲಿ 'ಇನ್ನೇನಾದರೂ ಬೇಕಿದ್ದರೆ ಒಟ್ಟಿಗೆ ತಿಳಿಸಿ' ಅಂತ ಸೇರಿಸಿ.

ನಿಮ್ಮದು ಆರನೇ ವರ್ಷ ಅಂದಿರಿ. ಸತತ 60 ತಿಂಗಳು ಮುಗಿದಿದ್ದರೆ, ಹಳೇ ಕಾಯಿಲೆ ಹೇಳಿರಲಿಲ್ಲ ಅನ್ನೋ ಕಾರಣಕ್ಕೆ ಕ್ಲೇಮ್ ತಿರಸ್ಕರಿಸುವಂತಿಲ್ಲ, ವಂಚನೆ ಸಾಬೀತಾದರೆ ಮಾತ್ರ. ಅತ್ತೆಯವರ ಹೆಸರು ಪಾಲಿಸಿಗೆ ಸೇರಿದ್ದು ಯಾವಾಗ ಅಂತ ನೋಡಿ, ಅವರ 60 ತಿಂಗಳು ಅಲ್ಲಿಂದ ಎಣಿಕೆ.

ಗುತ್ತಲು_ರಸ್ತೆ_ಮಂಡ್ಯ

ಕಡಿತ ತಪ್ಪು ಅನ್ನಿಸಿದರೆ ದಾರಿ ಹೀಗೆ. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇಮೇಲ್. ಮೇಲಿನ ಲೆಕ್ಕವನ್ನೇ ಸಾಲುಸಾಲಾಗಿ ಹಾಕಿ, ಆಸ್ಪತ್ರೆಯ ಪತ್ರ ಲಗತ್ತಿಸಿ. ಕೋಪದ ಮಾತು ಬೇಡ, ಮೊತ್ತ ಇರಲಿ: ಇಷ್ಟು ಕೊಟ್ಟಿದ್ದೀರಿ, ಇಷ್ಟು ಬರಬೇಕು, ವ್ಯತ್ಯಾಸ ಇಷ್ಟು. ಅದನ್ನೇ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲೂ ದಾಖಲಿಸಬಹುದು, ಫೋನ್ 155255. ಕ್ಲೇಮನ್ನು ಪೂರ್ತಿ ತಿರಸ್ಕರಿಸಿದ್ದರೆ ಅವರ ಕ್ಲೇಮ್ ರಿವ್ಯೂ ಸಮಿತಿಯ ಒಪ್ಪಿಗೆ ಆಗಿತ್ತೇ ಅಂತ ಕೇಳಿ. ಅದಿಲ್ಲದೆ ತಿರಸ್ಕರಿಸುವಂತಿಲ್ಲ.

ಕಂಪನಿ ಒಪ್ಪದಿದ್ದರೆ, ಅಥವಾ ಒಂದು ತಿಂಗಳು ಉತ್ತರವೇ ಬರದಿದ್ದರೆ, ವಿಮಾ ಓಂಬುಡ್ಸ್‌ಮನ್, ಅಂದರೆ ವಿಮಾ ಕಂಪನಿಗಳ ಮೇಲಿನ ದೂರು ತೀರ್ಮಾನಿಸುವ ಅಧಿಕಾರಿ. ಕರ್ನಾಟಕಕ್ಕೆ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ, ಆದರೆ ದೂರನ್ನು ಆನ್‌ಲೈನ್‌ನಲ್ಲೇ ಹಾಕಬಹುದು, ವಿಚಾರಣೆ ವಿಡಿಯೋದಲ್ಲೂ ನಡೆಯುತ್ತೆ. ಶುಲ್ಕ ಇಲ್ಲ, ವಕೀಲರು ಬೇಡ. ತಿರಸ್ಕಾರದ ಉತ್ತರ ಬಂದ ಒಂದು ವರ್ಷದೊಳಗೆ ಹೋಗಬೇಕು, 50 ಲಕ್ಷದವರೆಗಿನ ವ್ಯಾಜ್ಯ ನೋಡುತ್ತಾರೆ. ಆದೇಶವನ್ನು ಕಂಪನಿ 30 ದಿನದಲ್ಲಿ ಪಾಲಿಸದಿದ್ದರೆ ದಿನಕ್ಕೆ 5,000ದಂತೆ ದೂರುದಾರರಿಗೆ ದಂಡ ಕೊಡಬೇಕು.

ಗ್ರಾಹಕರ ಆಯೋಗವೂ ಇದೆ. 2019ರ ಕಾಯ್ದೆಯಲ್ಲಿ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಕಂಪನಿ ಮುಂಬೈಯಲ್ಲಿದ್ದರೂ ಸರಿ. ಎರಡು ವರ್ಷದ ಗಡುವು. ಕಟ್ಟಿದ ಪ್ರೀಮಿಯಂ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ಆದರೆ ಎರಡೂ ಕಡೆ ಒಟ್ಟಿಗೆ ಆಗಲ್ಲ: ಆಯೋಗದಲ್ಲಿ ಕೇಸ್ ಇದ್ದರೆ ಓಂಬುಡ್ಸ್‌ಮನ್ ಮುಟ್ಟಲ್ಲ. ನಿಮ್ಮಂಥ ಲೆಕ್ಕದ ತಕರಾರಿಗೆ ಮೊದಲು ಓಂಬುಡ್ಸ್‌ಮನ್ ಬಳಿ ಹೋಗೋದೇ ಮೇಲು. ಆಸ್ಪತ್ರೆಯ ಮೇಲಿನ ದೂರಾದರೆ ಓಂಬುಡ್ಸ್‌ಮನ್‌ಗೆ ಅಧಿಕಾರವಿಲ್ಲ, ಅದು ಡಿಎಚ್‌ಒ ಅಥವಾ ಗ್ರಾಹಕರ ಆಯೋಗಕ್ಕೇ.

ನಾಳೆ ಒಟಿಗೆ ಕರೆದುಕೊಂಡು ಹೋಗುವ ಹೊತ್ತಿಗೆ ನೀವು ಅತ್ತೆಯವರ ಜೊತೆಗಿರಿ. ಬಿಲ್ಲಿಂಗ್ ಕೌಂಟರ್‌ಗೆ ಯಜಮಾನರು ಹೋಗಲಿ. ಪಾಲಿಸಿ ಅವರ ಹೆಸರಿನಲ್ಲಿ ಇರೋದರಿಂದ ಸಹಿ ಅವರದೇ ಬೇಕಾಗುತ್ತೆ.